ಪರದೆಯ ಹಿಂದೆ ಉಳಿದಿದ್ದ ರಂಗ

(ದಾವಣಗೆರೆಯ ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಸಂಗೀತದ ಗೆಳೆಯರೇ,

ಎಷ್ಟೋ ವರ್ಷಗಳಿಂದ ಪ್ರದರ್ಶನ ನಿಲ್ಲಿಸಿ ಬಾಗಿಲು ಹಾಕಿದ್ದ ಟಾಕೀಸೊಂದರ ಒಳಗೆ ಹೋಗುವ ಅವಕಾಶ ನನಗೆ ಒಮ್ಮೆ ಒದಗಿತ್ತು. ಕಟ್ಟಡವನ್ನು ಕೆಡವುವ ಮೊದಲು ಅಲ್ಲಿನ ಸಾಮಾನುಗಳನ್ನು ತೂಕದ ಲೆಕ್ಕದಲ್ಲಿ ಮಾರುತ್ತಿದ್ದರು. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ನಾನು, ಕಾಲೇಜಿನ ಪ್ರಯೋಗಾಲಯಕ್ಕೆ ಆಗುವಂಥ ಹಳೆಯ ಸ್ಪೀಕರ್ ಸಿಕ್ಕೀತೇನೋ ಎಂದು ಹೋಗಿದ್ದೆ. ಗಾಂಧಿ ಕ್ಲಾಸಿನ ಬೆಂಚುಗಳು ಆಗಲೇ ಲಾರಿ ಏರಿದ್ದವು. ಪರದೆಯ ಒಂದು ಮೂಲೆ ಹರಿದು ಜೋತುಬಿದ್ದಿತ್ತು. ಅದನ್ನು ಸರಿಸಿ ಇಣುಕಿದರೆ, ಸ್ಪೀಕರ್ ಪೆಟ್ಟಿಗೆಗಳ ಆಚೆಗೆ ಸುಮಾರು ಹದಿನೈದು ಹೆಜ್ಜೆ ಆಳದ ಹಲಗೆಯ ರಂಗ, ಮೇಲಿನ ತೊಲೆಗೆ ಸಾಲಾಗಿ ಹೊಡೆದ ಕಬ್ಬಿಣದ ಕೊಕ್ಕೆಗಳು, ಪಕ್ಕದಲ್ಲಿ ಗೋಡೆಯ ಮೇಲೆ ಕನ್ನಡಿಯ ಗುರುತು ಉಳಿದಿದ್ದ ಒಂದು ಸಣ್ಣ ಕೋಣೆ ಕಂಡವು. ಕೊಕ್ಕೆಗಳು ನಾಟಕದ ಸೀನರಿ ಕಟ್ಟುವುದಕ್ಕೆ ಹೊಡೆದವು, ಕೋಣೆ ಬಣ್ಣ ಹಚ್ಚಿಕೊಳ್ಳುವವರದು. ರಂಗದ ಮೇಲೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆ. ಬರಿದಾಗಿದ್ದ ಆ ಸಭಾಂಗಣದಲ್ಲಿ ಸದ್ದು ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ನಿಂತಿತು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಹದಿನೈದು ಹೆಜ್ಜೆಯ ಮತ್ತು ಆ ಎರಡು ಸೆಕೆಂಡಿನ ವಿಚಾರವೇ.

ಹಳೆಯ ಚಿತ್ರಮಂದಿರವೊಂದು ಸಂಗೀತ ಕಛೇರಿಯ ಮಂದಿರವಾಯಿತು ಎಂಬ ಸುದ್ದಿ ಬಂದಾಗಲೆಲ್ಲ, ಅದನ್ನು ಒಂದು ಕಲೆ ಇನ್ನೊಂದಕ್ಕೆ ಜಾಗ ಬಿಟ್ಟುಕೊಟ್ಟ ಕತೆಯಾಗಿ ಹೇಳುವ ರೂಢಿ ಇದೆ. ನನಗೆ ಇದು ತಲೆಕೆಳಗಾದ ಕತೆ ಎನ್ನಿಸುತ್ತದೆ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಫ್ರಾನ್ಸಿನ ಲೂಮಿಯೇರ್ ಸೋದರರ ಚಿತ್ರಗಳು ತೋರಿಸಲ್ಪಟ್ಟಂದಿನಿಂದ ಮೂರೂವರೆ ದಶಕಗಳ ಕಾಲ ನಮ್ಮ ದೇಶದಲ್ಲಿ ಸಿನಿಮಾ ಮೂಕವಾಗಿತ್ತು. ಆದರೆ ಸಿನಿಮಾ ತೋರಿಸುವ ಜಾಗ ಮೂಕವಾಗಿರಲಿಲ್ಲ. ಪರದೆಯ ಬದಿಯಲ್ಲಿ ಹಾರ್ಮೋನಿಯಂ, ತಬಲ ಇಟ್ಟುಕೊಂಡು ಕೂತವರು ಕುದುರೆ ಓಡಿದರೆ ಲಯ ಏರಿಸಿ, ನಾಯಕಿ ಅತ್ತರೆ ರಾಗ ಬದಲಿಸಿ ಆಟದುದ್ದಕ್ಕೂ ನುಡಿಸುತ್ತಿದ್ದರು. 1905ರ ಸುಮಾರಿಗೆ ದಕ್ಷಿಣದ ಊರೂರಿಗೆ ಡೇರೆ ಹೊತ್ತು ತಿರುಗಿದ ಕೊಯಮತ್ತೂರಿನ ಸಾಮಿಕಣ್ಣು ವಿನ್ಸೆಂಟರ ಕಾಲದ ಸಿನಿಮಾ ಅಂಥದ್ದು. ಅಮೆರಿಕದ ದೊಡ್ಡ ಊರುಗಳಲ್ಲಿ ಇದೇ ಕೆಲಸಕ್ಕೆ ಇಡೀ ವಾದ್ಯವೃಂದ ಇರುತ್ತಿತ್ತು, ಜೊತೆಗೆ ಗೋಡೆಯೊಳಗೆ ಸಾವಿರಾರು ಕೊಳವೆಗಳನ್ನು ಅಡಗಿಸಿದ ಆರ್ಗನ್.

1927ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಾತಿನ ಚಿತ್ರ ಬಂತು. ಅದಾದ ಮೂರು ನಾಲ್ಕು ವರ್ಷಗಳಲ್ಲಿ ಅಲ್ಲಿನ ಚಿತ್ರಮಂದಿರಗಳಲ್ಲಿ ನುಡಿಸುತ್ತಿದ್ದ ಸುಮಾರು 22,000 ಸಂಗೀತಗಾರರ ಕೆಲಸ ಹೋಯಿತೆಂದು ಅವರ ಸಂಘವೇ ಲೆಕ್ಕ ಹಾಕಿದೆ. ಡಬ್ಬಿಯಲ್ಲಿ ತುಂಬಿದ ಸಂಗೀತ ನಮಗೆ ಬೇಡ ಎಂದು ಆ ಸಂಘದವರು, ಯಂತ್ರಮಾನವನೊಬ್ಬ ವೀಣೆಯಂಥ ವಾದ್ಯವನ್ನು ಹಾಳುಗೆಡವುವ ಚಿತ್ರ ಹಾಕಿ, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಕೇಳುವವರು ಇರಲಿಲ್ಲ. ನಮ್ಮಲ್ಲಿ 1931ರಲ್ಲಿ ಮಾತಿನ ಚಿತ್ರ ಬಂತು, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆ ಕಂಡಿತು. ಪರದೆಯ ಬದಿಯ ಹಾರ್ಮೋನಿಯಂ ಮಾಸ್ತರರು ಎದ್ದು ನಾಟಕದ ಕಂಪನಿಗಳಿಗೆ ಹೋದರು. ಅವರ ಜಾಗಕ್ಕೆ ಸ್ಪೀಕರ್ ಪೆಟ್ಟಿಗೆ ಬಂದು ಪರದೆಯ ಹಿಂದೆ ಕೂತಿತು. ಇಂದಿಗೂ ಪರದೆಯನ್ನು ಹತ್ತಿರದಿಂದ ನೋಡಿದರೆ ಮೈತುಂಬ ಸಾಸಿವೆ ಕಾಳಿಗಿಂತ ಚಿಕ್ಕ ತೂತುಗಳು ಕಾಣುತ್ತವೆ, ಹಿಂದಿನ ಸದ್ದು ಮುಂದೆ ಬರಲೆಂದು ಮಾಡಿದವು.

ಪ್ಯಾರಾಮೌಂಟ್ ಎಂಬ ಹೆಸರು ಬಂದದ್ದರಿಂದ ಅದೇ ಹೆಸರಿನ ಇನ್ನೊಂದು ಮಂದಿರದ ಕತೆಯನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ. ಅದು ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಎಂಬ ದೊಡ್ಡಕ್ಕನ ಎದುರು ದಂಡೆಯಲ್ಲಿರುವ ಬಂದರಿನ, ದುಡಿಯುವವರ ಊರು ಅದು. ಅಲ್ಲಿ 1931ರ ಡಿಸೆಂಬರ್ 16ರಂದು ಪ್ಯಾರಾಮೌಂಟ್ ಮಂದಿರದ ಬಾಗಿಲು ತೆರೆಯಿತು. ಕಟ್ಟಿದ ಶಿಲ್ಪಿ ಟಿಮತಿ ಫ್ಲೂಗರ್, ಆಸನಗಳು ಸುಮಾರು 3,500. ಮುಂಭಾಗದ ಗೋಡೆಯ ಮೇಲೆ ಬಣ್ಣದ ಹೆಂಚಿನ ಬಿಲ್ಲೆಗಳಿಂದ ಮಾಡಿದ, ಹಲವು ಅಂತಸ್ತು ಎತ್ತರದ ಗಂಡು ಹೆಣ್ಣಿನ ಎರಡು ಆಕೃತಿಗಳಿವೆ. ಇಬ್ಬರೂ ಸೂತ್ರಧಾರರು, ಅವರ ಕೈಯಿಂದ ಇಳಿಬಿದ್ದ ದಾರದಲ್ಲಿ ನಟರು, ಕುಣಿಯುವವರು ಜೋತಾಡುತ್ತಾರೆ. ಸೂತ್ರದ ಗೊಂಬೆಯಾಟ ಕಂಡ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಮಂದಿರ ಕಟ್ಟಲು ಶುರುಮಾಡಿದಾಗ ಮಾತಿನ ಚಿತ್ರ ಬಂದಾಗಿತ್ತು, ಆದರೂ ಮಾಲೀಕರ ಮನಸ್ಸಿನಲ್ಲಿ ಹಳೆಯ ಕಾಲವೇ ಇತ್ತು. ಸಿನಿಮಾಕ್ಕೆ ಮೊದಲು ರಂಗದ ಮೇಲೆ ಹಾಡು ಕುಣಿತ ಇರಲೇಬೇಕೆಂದು ಆಳವಾದ ರಂಗವನ್ನೂ, ವಾದ್ಯವೃಂದ ಕೂರಲು ರಂಗದ ಮುಂದೆ ತಗ್ಗನ್ನೂ ಕಟ್ಟಿದರು. ಹೊತ್ತು ಮಾತ್ರ ಸರಿಯಿರಲಿಲ್ಲ. ಅದು ಮಹಾ ಆರ್ಥಿಕ ಕುಸಿತದ ಕಾಲ. ವಾದ್ಯದವರ, ದ್ವಾರಪಾಲಕರ, ದೀಪದವರ ಸಂಬಳ ಹೊರಲಾರದೆ ತೆರೆದ ಆರೇ ತಿಂಗಳಿಗೆ, 1932ರ ಜೂನಿನಲ್ಲಿ, ಬಾಗಿಲು ಮುಚ್ಚಿತು. ಸುಮಾರು ಒಂದು ವರ್ಷದ ಮೇಲೆ ಮತ್ತೆ ತೆರೆದಾಗ ವಾದ್ಯವೃಂದ ಇರಲಿಲ್ಲ, ಬರೀ ಸಿನಿಮಾ. ಮುಂದೆ ಟೆಲಿವಿಷನ್ ಬಂತು, ಜನ ಊರ ಹೊರಗಿನ ಬಡಾವಣೆಗಳಿಗೆ ಹೋದರು, 1970ರಲ್ಲಿ ಸಿನಿಮಾವೂ ನಿಂತಿತು. ಅಷ್ಟು ಹೊತ್ತಿಗೆ ಅಂಥ ಮಂದಿರಗಳನ್ನು ಅಮೆರಿಕದ ಹಲವು ಊರುಗಳಲ್ಲಿ ಕೆಡವಿ ಕಾರು ನಿಲ್ಲಿಸುವ ಬಯಲು ಮಾಡುತ್ತಿದ್ದರು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಓಕ್‌ಲೆಂಡಿನ ಸಿಂಫನಿ ವಾದ್ಯವೃಂದಕ್ಕೆ ಆಗ ಸ್ವಂತ ಮನೆ ಬೇಕಾಗಿತ್ತು. ಹೊಸದನ್ನು ಕಟ್ಟುವ ಖರ್ಚಿನ ಮುಂದೆ ಹಳೆಯದನ್ನು ಕೊಳ್ಳುವುದು ಅಗ್ಗವೆಂದು ಕಂಡು 1972ರಲ್ಲಿ ಅವರು ಪ್ಯಾರಾಮೌಂಟನ್ನು ಕೊಂಡರು, 1973ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದರು. ಆ ದುರಸ್ತಿಯಲ್ಲಿ ನಾನು ಮೆಚ್ಚುವ ಒಂದು ಸಂಗತಿಯಿದೆ. ಹೊಸ ಕಾಲಕ್ಕೆ ತಕ್ಕಂತೆ ಅಲಂಕಾರ ಬದಲಿಸೋಣ ಎಂದು ಅವರು ಹೊರಡಲಿಲ್ಲ. 1931ರಲ್ಲಿ ಹೇಗಿತ್ತೋ ಹಾಗೆಯೇ ಇರಲಿ ಎಂದು, ಸವೆದ ನೆಲಗಂಬಳಿಯನ್ನು ಸಹ ಹಳೆಯ ವಿನ್ಯಾಸ ನೋಡಿ ಮತ್ತೆ ನೇಯಿಸಿದರು. 1975ರಲ್ಲಿ ಮಂದಿರವನ್ನು ವಾದ್ಯವೃಂದದವರು ನಗರಾಡಳಿತಕ್ಕೆ ಒಂದೇ ಒಂದು ಡಾಲರಿಗೆ ವಹಿಸಿಕೊಟ್ಟರು. 1977ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆನಿಸಿತು. 1986ರಲ್ಲಿ ಮಂದಿರವನ್ನು ಉಳಿಸಿದ ಆ ವಾದ್ಯವೃಂದವೇ ದಿವಾಳಿಯಾಯಿತು. ಮಂದಿರ ಮಾತ್ರ ಉಳಿಯಿತು. ಅಷ್ಟರಲ್ಲಿ ಅಲ್ಲಿ ಪಾಪ್ ಗಾಯಕರು ಹಾಡುತ್ತಿದ್ದರು, ಬ್ಯಾಲೆ ನಡೆಯುತ್ತಿತ್ತು, ನಡುನಡುವೆ ಹಳೆಯ ಸಿನಿಮಾವನ್ನೂ ತೋರಿಸುತ್ತಿದ್ದರು. ಹಳೆಯ ತಂಡದ ಜಾಗದಲ್ಲಿ ಹೊಸದಾಗಿ ಕೂಡಿಕೊಂಡ ವಾದ್ಯವೃಂದವೂ ಮುಂದೆ ಅದೇ ಮಂದಿರದಲ್ಲಿ ನುಡಿಸಿತು. ಒಂದೇ ಕಲೆಯನ್ನು ನಂಬಿ ಇಷ್ಟು ದೊಡ್ಡ ಮನೆ ನಡೆಸಲಾಗದು ಎಂಬುದು 1932ರಲ್ಲೇ ಆ ಗೋಡೆಗಳಿಗೆ ಗೊತ್ತಾಗಿತ್ತು, ಮನುಷ್ಯರಿಗೆ ಗೊತ್ತಾಗಲು ಅರ್ಧ ಶತಮಾನ ಹಿಡಿಯಿತು.

ಹಾಗಾದರೆ ಸಿನಿಮಾಕ್ಕೆಂದು ಕಟ್ಟಿದ ಮನೆಯಲ್ಲಿ ಸಂಗೀತ ಚೆನ್ನಾಗಿ ಕೇಳಿಸುತ್ತದೆಯೇ? ಇಲ್ಲಿ ನನ್ನ ಮೇಷ್ಟ್ರಿಕೆಯನ್ನು ಸ್ವಲ್ಪ ಹೊತ್ತು ಸಹಿಸಿಕೊಳ್ಳಬೇಕು. ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿದು ಕರಗುವ ದನಿಗೆ ಅನುರಣನ ಎನ್ನುತ್ತೇವೆ; ಚಿತ್ರದುರ್ಗದ ಬೆಟ್ಟದ ಮೇಲೆ ಕೂಗಿದರೆ ಬಂಡೆಯಿಂದ ಬೇರೆಯಾಗಿ ಮರಳುವ ಪ್ರತಿಧ್ವನಿ ಇದಲ್ಲ. ಸದ್ದಿನ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಹೊತ್ತೇ ಅನುರಣನದ ಅವಧಿ. ಇದನ್ನು ಮೊದಲು ಅಳೆದವರು ಹಾರ್ವರ್ಡಿನ ತರುಣ ಅಧ್ಯಾಪಕ ವಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಹೇಳಿದ್ದು ಯಾರಿಗೂ ತಿಳಿಯದೆ ಹೋಗುತ್ತಿತ್ತು. ಅಲ್ಲಿ ಸದ್ದು ಐದು ಸೆಕೆಂಡಿಗೂ ಮಿಕ್ಕಿ ಉಳಿಯುತ್ತಿತ್ತು. ಸಬೈನ್ ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದು ಆರ್ಗನ್ ಕೊಳವೆ ಊದಿ, ಕಿವಿಯಲ್ಲೇ ಕೇಳಿ ಗಡಿಯಾರದಲ್ಲಿ ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮರಳಿ ಇಟ್ಟುಬರುತ್ತಿದ್ದರು. ಒಬ್ಬ ಮನುಷ್ಯ ಹೀರುವ ಸದ್ದು ಸುಮಾರು ಆರು ಮೆತ್ತೆಗಳಿಗೆ ಸಮ ಎಂದು ಅವರಿಗೆ ಹೀಗೆ ತಿಳಿಯಿತು. ಕೊನೆಗೆ ಸಿಕ್ಕ ಸೂತ್ರ ಸರಳ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಶಕ್ತಿಯಿಂದ ಭಾಗಿಸಿದರೆ ಸೆಕೆಂಡು ಬರುತ್ತದೆ. ಹೀರುವ ಶಕ್ತಿಯ ಅಳತೆಗೋಲು ತೆರೆದ ಕಿಟಕಿ. ಒಂದು ಚದರ ಮೀಟರ್ ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ಮರಳಿ ಬಾರದು, ಅದೇ ಒಂದು ಮಾನ.

ಈಗ ಒಂದು ಸಾಧಾರಣ ಟಾಕೀಸನ್ನು ಕಲ್ಪಿಸಿಕೊಳ್ಳಿ: ಉದ್ದ 30 ಮೀಟರ್, ಅಗಲ 18, ಎತ್ತರ 9, ಆಸನ 1,000. ಘನ ಅಳತೆ 4,860 ಘನ ಮೀಟರ್. ಗೋಡೆ, ಸೂರು, ನೆಲ ಎಲ್ಲ ಸೇರಿ 250 ಮಾನ ಹೀರುತ್ತವೆ, ಖಾಲಿ ಮರದ ಕುರ್ಚಿಗಳು ಇನ್ನೊಂದು 40 ಹೀರುತ್ತವೆ ಎಂದು ಇಟ್ಟುಕೊಂಡರೆ, ಬರಿದಾದ ಟಾಕೀಸಿನಲ್ಲಿ ಸದ್ದು ಸುಮಾರು 2.7 ಸೆಕೆಂಡು ಉಳಿಯುತ್ತದೆ. ಅಲ್ಲಿಗೆ 800 ಜನ ಬಂದು ಕೂತು, ಅವರು ಕೂತ ಕುರ್ಚಿಗಳ ಪಾಲನ್ನು ಬಿಟ್ಟು, ತಲೆಗೆ ಅರ್ಧ ಮಾನದಂತೆ 400 ಹೀರಿದರೆ, ಅದೇ 2.7 ಸೆಕೆಂಡು 1.2ಕ್ಕೆ ಇಳಿಯುತ್ತದೆ. ನನ್ನ ಚಪ್ಪಾಳೆಯ ಗುಟ್ಟು ಇಷ್ಟೇ. ಕಾರ್ಯಕ್ರಮಕ್ಕೆ ಮೊದಲು ಖಾಲಿ ಸಭಾಂಗಣದಲ್ಲಿ ಮೈಕ್ ಪರೀಕ್ಷಿಸಿ ಎಲ್ಲ ಸರಿಯಾಗಿದೆ ಎಂದು ಹೇಳುವವರನ್ನು ನಂಬಬೇಡಿ ಎಂದು ನಾನು ಶಿಷ್ಯರಿಗೆ ಹೇಳುತ್ತಿದ್ದುದೂ ಇದಕ್ಕೇ.

ಈ ಲೆಕ್ಕದಿಂದ ಇನ್ನೊಂದು ಮಾತು ಹೊರಡುತ್ತದೆ. ಮೇಲಿನ ಟಾಕೀಸಿನಲ್ಲಿ ತಲೆಗೆ ಐದು ಘನ ಮೀಟರಿಗಿಂತ ಕಡಿಮೆ ಗಾಳಿ ದಕ್ಕಿತು. ಮೈಕಿಲ್ಲದೆ ನುಡಿಸುವ ಸಿಂಫನಿಯವರು ಕೇಳುವುದು ಅದರ ಎರಡರಷ್ಟು, ಅವರಿಗೆ ಬೇಕಾದ ಅನುರಣನ ಎರಡು ಸೆಕೆಂಡಿನ ಆಸುಪಾಸು. ಅದರಿಂದಲೇ ಅಮೆರಿಕದವರು ಸಿಂಫನಿಗೆ ಆರಿಸಿದ್ದು 1920ರ ದಶಕದ, ಬಲು ಎತ್ತರದ ಸೂರಿನ, ಸುಣ್ಣಗಾರೆಯ ಗಟ್ಟಿ ಅಲಂಕಾರದ ಮಂದಿರಗಳನ್ನು. ಸೇಂಟ್ ಲೂಯಿಸಿನಲ್ಲಿ 1925ರ ಚಿತ್ರಮಂದಿರವೊಂದು 1968ರಲ್ಲಿ ಪೊವೆಲ್ ಹಾಲ್ ಎಂಬ ಸಿಂಫನಿ ಮಂದಿರವಾಯಿತು. ಪಿಟ್ಸ್‌ಬರ್ಗಿನಲ್ಲಿ 1927ರದ್ದು 1971ರಲ್ಲಿ ಹೈನ್ಜ್ ಹಾಲ್ ಆಯಿತು. ಸ್ಪೀಕರಿನ ಮೂಲಕ ಕೇಳುವ ಸಂಗೀತದ ಬೇಡಿಕೆ ಇದಕ್ಕೆ ತೀರ ವಿರುದ್ಧ. ಡ್ರಮ್ಮು, ಬೇಸ್ ಗಿಟಾರು ಇರುವಲ್ಲಿ ಅನುರಣನ ಒಂದು ಸೆಕೆಂಡಿನ ಹತ್ತಿರವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಪೆಟ್ಟಿನ ಮೇಲೆ ಇನ್ನೊಂದು ಬಿದ್ದು ಎಲ್ಲವೂ ಕಲಸುಮೇಲೋಗರ. ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ 1932ರಲ್ಲಿ ಸುಮಾರು 3,500 ಆಸನಗಳ ಚಿತ್ರಮಂದಿರವಾಗಿ ತೆರೆದ ಕಟ್ಟಡ, 1962ರಿಂದ ಹ್ಯಾಮರ್‌ಸ್ಮಿತ್ ಓಡಿಯನ್ ಎಂಬ ಹೆಸರಿನಲ್ಲಿ ರಾಕ್ ಸಂಗೀತದವರ ಮೆಚ್ಚಿನ ಮನೆಯಾದದ್ದಕ್ಕೆ, ಚಿತ್ರಮಂದಿರದ ಈ ‘ಒಣ’ ದನಿಯೂ ಒಂದು ಕಾರಣವೆಂದು ನನ್ನ ಎಣಿಕೆ. ಹಾಡುಗಾರಿಕೆಯೇ ಮುಖ್ಯವಾದ ನಮ್ಮ ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳು ಇವೆರಡರ ನಡುವೆ ಎಲ್ಲೋ ನಿಲ್ಲುತ್ತವೆ. ತಾನ ಬಿಡಿಯಾಗಿ ಕೇಳಬೇಕು, ತಂಬೂರಿಯ ನಾದವೂ ಸಾಯಬಾರದು. ಜನ ತುಂಬಿದ ಟಾಕೀಸಿನ 1.2 ಸೆಕೆಂಡು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಭಾರತದ ಉದಾಹರಣೆ ಬೇಕೆಂದರೆ ಮುಂಬಯಿಯ ರಾಯಲ್ ಆಪೆರಾ ಹೌಸ್ ಇದೆ. 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ ಆ ಮಂದಿರದಲ್ಲಿ ಮರಾಠಿ ರಂಗಭೂಮಿಯ ಗಾಯಕ ನಟ ಬಾಲಗಂಧರ್ವರು ಹಾಡಿದ್ದಾರೆ. 1930ರ ದಶಕದಲ್ಲಿ ಅದನ್ನು ಚಿತ್ರಮಂದಿರ ಮಾಡಿದರು, 1993ರಲ್ಲಿ ಮುಚ್ಚಿದರು, ದೀರ್ಘ ಕಾಲದ ದುರಸ್ತಿಯ ಬಳಿಕ 2016ರ ಅಕ್ಟೋಬರಿನಲ್ಲಿ ಮತ್ತೆ ಸಂಗೀತ, ನಾಟಕಕ್ಕೆ ತೆರೆದರು. ಈಗ ಅಲ್ಲಿ ಆರುನೂರಕ್ಕೂ ಕಡಿಮೆ ಆಸನಗಳಿವೆ. ಅದು ರಾಜಮನೆತನವೊಂದರ ಆಸ್ತಿಯಾದ್ದರಿಂದ ಇಪ್ಪತ್ತಮೂರು ವರ್ಷ ಬೀಗ ಹಾಕಿದರೂ ಯಾರೂ ಕೆಡವಲಿಲ್ಲ; ಆ ಅದೃಷ್ಟ ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯ ಆಚೀಚೆಯ ನಿವೇಶನಗಳಿಗೆ ಇಲ್ಲ.

ದಾವಣಗೆರೆಗೆ ಬರುತ್ತೇನೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಈ ಗಿರಣಿಗಳ ಊರು ರಂಗಭೂಮಿಗೂ ತವರು. ಚಿಂದೋಡಿ ವೀರಪ್ಪನವರ, ಆಮೇಲೆ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ದುಗ್ಗಮ್ಮನ ಜಾತ್ರೆ ಬಂದರೆ ಇಂದಿಗೂ ಕಂಪನಿಗಳು ಇಲ್ಲಿ ಕ್ಯಾಂಪು ಹಾಕುತ್ತವೆ. ಕಂಪನಿ ನಾಟಕವೆಂದರೆ ಮಾತಿನಷ್ಟೇ ಹಾಡು. ಮಲ್ಲಿಕಾರ್ಜುನ ಮನಸೂರರಂಥವರು ಬಾಲ್ಯದಲ್ಲಿ ಕಂಠ ಪಳಗಿಸಿಕೊಂಡದ್ದು ನಾಟಕ ಕಂಪನಿಯಲ್ಲೇ. ಮೈಕಿಲ್ಲದ ಕಾಲದಲ್ಲಿ ಕಾಲು ಹಾರ್ಮೋನಿಯಮ್ಮಿನ ಶ್ರುತಿಗೆ ಏರುದನಿಯಲ್ಲಿ ಹಾಡಿ, ತಗಡಿನ ಥೇಟರಿನ ಕಡೆಯ ಸಾಲಿನವನಿಂದ ‘ಒನ್ಸ್ ಮೋರ್’ ಗಳಿಸುತ್ತಿದ್ದರು. ಪರದೆಯ ಹಿಂದೆ ನಾನು ಕಂಡ ಕೊಕ್ಕೆಗಳು ಆ ಕಾಲದ ಗುರುತು. ನಾನು ನೋಡಿದ ಮಟ್ಟಿಗೆ, ಅಗಲ ಪರದೆಯ ಸಿನಿಮಾಸ್ಕೋಪ್ ಬಂದ ಮೇಲೆ ಕಟ್ಟಿದ ಟಾಕೀಸುಗಳಲ್ಲಿ ಪರದೆ ಹಿಂಗೋಡೆಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ಕಛೇರಿ ಮಾಡಬೇಕೆಂದರೆ ಮುಂದಿನ ಐದಾರು ಸಾಲು ಕಿತ್ತು ವೇದಿಕೆ ಕಟ್ಟಬೇಕು. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಉಪ್ಪಿನಕಾಯಿಯಂತೆ ಇಲ್ಲಿಯೂ ಸಲ್ಲುತ್ತದೆ.

ಇನ್ನು ನಮ್ಮ ರಸಮಂಜರಿಗಳ ಪಾಡು. ಓದುವ ದಿನಗಳಲ್ಲಿ ನಾನು ಆರ್ಕೆಸ್ಟ್ರಾ ಒಂದರ ಮೈಕ್ ಸೆಟ್ ನೋಡಿಕೊಳ್ಳುತ್ತಿದ್ದೆ. ಗಣೇಶನ ಹಬ್ಬದಲ್ಲಿ ಬಯಲಿನಲ್ಲಿ ಹಾಡಿದರೆ ದನಿ ಗಾಳಿಗೆ ಹೋಗುತ್ತಿತ್ತು, ಮಳೆ ಬಂದರೆ ಆಂಪ್ಲಿಫೈಯರಿಗೆ ಟಾರ್ಪಾಲು ಹೊದಿಸಿ ನಾವು ನೆನೆಯಬೇಕು. ಒಮ್ಮೆ ಹೊಸದಾಗಿ ಕಟ್ಟಿದ ಕಲ್ಯಾಣ ಮಂಟಪವೊಂದರಲ್ಲಿ ಕಾರ್ಯಕ್ರಮ ಇಟ್ಟರು. ನೆಲ ಗ್ರಾನೈಟು, ಗೋಡೆ ಗ್ರಾನೈಟು, ಸೂರು ಚಪ್ಪಟೆ ಕಾಂಕ್ರೀಟು. ಗಾಯಕಿ ಹಾಡಿದ ಪಲ್ಲವಿಯ ಒಂದಕ್ಷರವೂ ನಾಲ್ಕನೆಯ ಸಾಲಿಗೆ ತಿಳಿಯಲಿಲ್ಲ. ಕೇಳದ್ದಕ್ಕೆ ನಾನು ದನಿ ಏರಿಸಿದೆ, ಏರಿಸಿದಷ್ಟೂ ಕೆಟ್ಟಿತು, ಕೊನೆಗೆ ಬೈಸಿಕೊಂಡವನು ನಾನು. ಸಬೈನರ ಸೂತ್ರವನ್ನು ನಾನು ಪಾಠಕ್ಕೆ ಮೊದಲು ಬೆವರಿನಲ್ಲಿ ಕಲಿತದ್ದು ಅಲ್ಲಿಯೇ. ಅದೇ ಊರಿನಲ್ಲಿ, ನಾಲ್ಕು ರಸ್ತೆಯಾಚೆ, ಗೋಡೆಗೆ ತೂತಿನ ಹಲಗೆ ಹೊಡೆದು ಒಳಗೆ ತೆಂಗಿನ ನಾರು ತುಂಬಿದ್ದ ಟಾಕೀಸೊಂದು ಪ್ರೇಕ್ಷಕರಿಲ್ಲದೆ ಕಾಯುತ್ತಿತ್ತು.

ಕಾನೂನೂ ಮುಚ್ಚಿದ ಮಂದಿರದ ಕಡೆಗೇ ಸ್ವಲ್ಪ ವಾಲಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ಆ ನಿರ್ಬಂಧವಿಲ್ಲ. ಹಾಗೆಂದು ಟಾಕೀಸಿನ ತಗಡಿನ ಸೂರಿನ ಕೆಳಗೆ ಬೇಸ್ ಸ್ಪೀಕರ್ ಇಟ್ಟು ಅಕ್ಕಪಕ್ಕದ ಮನೆಗಳ ಪಾತ್ರೆ ನಡುಗಿಸಿದರೆ ಅದೇ ನಿಯಮ ತಿರುಗಿ ಬೀಳುತ್ತದೆ. ಸೂರಿನ ಕೆಳಗೆ ಇನ್ನೊಂದು ಭಾರವಾದ ಸೂರು ಬೇಕು. ಗೋಡೆಯ ಫ್ಯಾನುಗಳ ಗರಗರ ಸಿನಿಮಾದ ಹೊಡೆದಾಟದಲ್ಲಿ ಅಡಗುತ್ತದೆ, ಆಲಾಪದಲ್ಲಿ ಅಡಗುವುದಿಲ್ಲ. ಪ್ರೊಜೆಕ್ಟರ್ ಕೋಣೆಯನ್ನು ದೀಪದವರಿಗೆ ಕೊಡಬಹುದು, ಮಿಕ್ಸರ್ ನೋಡಿಕೊಳ್ಳುವವನಿಗೆ ಮಾತ್ರ ಕೊಡಬಾರದು. ಅವನು ಗಾಜಿನ ಹಿಂದಲ್ಲ, ಜನರ ನಡುವೆ ಕೂತು ಜನರ ಕಿವಿಯಿಂದಲೇ ಕೇಳಬೇಕು. ಬಾಗಿಲುಗಳ ವಿಚಾರದಲ್ಲಂತೂ ಕೈ ಬಿಗಿ ಮಾಡುವಂತಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಹೊಗೆ ತುಂಬಿದಾಗ ಬಾಲ್ಕನಿಯಿಂದ ಹೊರಬರಲಾಗದೆ 59 ಜನ ಸತ್ತರು. ಹೆಚ್ಚಿನ ಆಸನ ಹಾಕಲು ಹೊರದಾರಿಯನ್ನು ಮುಚ್ಚಿದ್ದು ಅಲ್ಲಿ ನಡೆದ ತಪ್ಪುಗಳಲ್ಲಿ ಒಂದು.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯವಿತ್ತು. ಗಿರಣಿಯಲ್ಲಿ ಕೆಲಸ ಮಾಡಿದ್ದೆನೆಂದು ಹೇಳಿಕೊಂಡ ಹಿರಿಯರೊಬ್ಬರು ಎದ್ದು, ‘ಮೇಷ್ಟ್ರೇ, ಅದೆಲ್ಲಾ ಸರಿ. ನಮ್ಮ ಗಾಂಧಿ ಕ್ಲಾಸ್ ಎಲ್ಲಿ ಹೋಗುತ್ತೆ?’ ಎಂದು ಕೇಳಿದರು. ಸಭೆ ನಕ್ಕಿತು, ನಾನು ನಗಲಿಲ್ಲ. ಸಿನಿಮಾದಲ್ಲಿ ಪರದೆಗೆ ಹತ್ತಿರದ ಸಾಲು ಎಲ್ಲಕ್ಕಿಂತ ಅಗ್ಗ, ಕತ್ತೆತ್ತಿ ನೋಡಬೇಕಾದದ್ದರಿಂದ. ಸಂಗೀತದಲ್ಲಿ ಗಾಯಕನಿಗೆ ಹತ್ತಿರದ ಸಾಲು ಎಲ್ಲಕ್ಕಿಂತ ದುಬಾರಿ. ಮಂದಿರ ಕೈ ಬದಲಿಸಿದ ದಿನವೇ ಶಿಳ್ಳೆ ಹೊಡೆಯುವವನು ಬಾಲ್ಕನಿಯ ಕಡೆಯ ಮೂಲೆಗೆ ಹೋಗುತ್ತಾನೆ, ಸೋಫಾ ಹಾಕಿದ ಮುಂಭಾಗಕ್ಕೆ ಗಣ್ಯರು ಬರುತ್ತಾರೆ. ಹ್ಯಾಮರ್‌ಸ್ಮಿತ್‌ನಲ್ಲಿ ಕೆಳಗಿನ ಅಂಕಣದ ಆಸನಗಳನ್ನು ತೆಗೆದಿಟ್ಟು ಜನ ನಿಂತು ಕೇಳುವ ಏರ್ಪಾಡೂ ಇದೆ, ಹಾಗೆ ಮಾಡಿದ ದಿನ ಸುಮಾರು 5,000 ಜನ ಹಿಡಿಸುತ್ತಾರೆ ಎಂದು ಅವರಿಗೆ ಹೇಳಿದೆ. ‘ನಿಂತು ಕೇಳೋಕೆ ನಮಗೆ ಈಗ ಮೊಣಕಾಲು ಎಲ್ಲಿವೆ? ಒಂದು ಬೆಂಚು ಇರಲಿ’ ಎಂದು ಅವರು ಕೂತರು. ರಂಗದ ಎದುರಿನ ಮೊದಲ ಎರಡು ಸಾಲು ಬೆನ್ನಿಲ್ಲದ ಬೆಂಚು, ಟಿಕೆಟ್ ಎಲ್ಲಕ್ಕಿಂತ ಕಡಿಮೆ ಎಂದು ನನ್ನ ಟಿಪ್ಪಣಿ ಪುಸ್ತಕದ ನಕ್ಷೆಯಲ್ಲಿ ಅಂದು ರಾತ್ರಿಯೇ ಗುರುತು ಹಾಕಿಕೊಂಡೆ.